ಎರಡು ಮೈಕಿನ ಪೆಟ್ಟಿಗೆ

ನವೆಂಬರ್ 3, ಸೋಮವಾರ. ಮಾನ್ವಿ.

ಇಲ್ಲದ ವೇದಿಕೆಯ ಮೇಲಿನ ಇಲ್ಲದ ಗಣ್ಯರೇ, ಖಾಲಿ ಕುರ್ಚಿಗಳನ್ನು ಅಲಂಕರಿಸಿರುವ ಮಹನೀಯರೇ, ಈ ಐತಿಹಾಸಿಕ ಸಭೆಗೆ ಸ್ವಾಗತ. ಭಾಷಣಕಾರ ಉಮೇಶ, ಬಿ.ಎ., ವಯಸ್ಸು ನಲವತ್ತಾರು. ವೃತ್ತಿ: ಆಟೋಗಳಿಗೆ ಪ್ರಚಾರ ಬರೆದು, ಫೋನಿನಲ್ಲಿ ದನಿ ತುಂಬಿ ಕೊಡುವುದು. ಇಂದಿನ ಕೃತಿ: ‘ಚಪ್ಪಲಿ ಕೊಂಡರೆ ಚೀಲ ಫ್ರೀ, ಚೀಲ ನೋಡಿದರೆ ಚಿಂತೆ ಫ್ರೀ.’ ಅಂಗಡಿಯವರು ಎರಡನೇ ಸಾಲು ಕಿತ್ತು ಹಾಕಿದರು. ಕಾವ್ಯದ್ವೇಷಿಗಳು.

ಮೂರು ಸಲ ರೆಕಾರ್ಡ್ ಮಾಡಿದೆ. ಮೂರು ಸಲವೂ ಫೋನು ನನ್ನ ದನಿ ಬಿಟ್ಟು ಲಾರಿಯ ಹಾರನ್ ಹಿಡಿಯಿತು.

ಸಭೆಯ ಮುಖ್ಯ ವಿಷಯ. ಅರಕೇರಾದಲ್ಲಿರುವ ನನ್ನ ಅಕ್ಕ ಗದ್ದೆಮ್ಮ, ನನ್ನನ್ನು ಎತ್ತಿ ಬೆಳೆಸಿದವಳು. ಅವಳ ಕೊರಳಲ್ಲಿ ಥೈರಾಯ್ಡ್ ಗಡ್ಡೆ. ಇದೇ ಹತ್ತೊಂಬತ್ತಕ್ಕೆ ರಾಯಚೂರಿನಲ್ಲಿ ಆಪರೇಷನ್. ದನಿ ಉಳಿಯಬಹುದು, ಒಡೆಯಲೂಬಹುದು ಎಂದಿದ್ದಾರೆ ಡಾಕ್ಟರು. ಊರಿನ ಎಷ್ಟೋ ಮದುವೆಗೆ ಸೋಬಾನ ಹಾಡಿದ ದನಿ. ಒಂದು ಸಾಲೂ ಎಲ್ಲೂ ದಾಖಲಾಗಿಲ್ಲ. ಆದ್ದರಿಂದ ಜಾನಪದ ಸಂರಕ್ಷಣೆಗಾಗಿ ನಾನು ಟೊಂಕ ಕಟ್ಟಿದ್ದೇನೆ. ಫೋನಿನ ಮೈಕ್ ನಂಬುವಂತಿಲ್ಲ. ಒಳ್ಳೆಯ ಮೈಕ್ ಬೇಕು, ಅದರ ದನಿಯನ್ನು ಫೋನಿಗೆ ದಾಟಿಸುವ ಪೆಟ್ಟಿಗೆ ಬೇಕು. ಆಡಿಯೋ ಇಂಟರ್‌ಫೇಸ್ ಅಂತಾರೆ.

ನವೆಂಬರ್ 5, ಬುಧವಾರ.

ಪೆಟ್ಟಿಗೆ ಬಗ್ಗೆ ಹದಿನೇಳು ವಿಡಿಯೋ ಆಯಿತು. ಹಿಂದಿ, ತೆಲುಗು, ಇಂಗ್ಲಿಷ್. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಉಗಿಯುತ್ತಾನೆ. ಮೈಕ್ ಸಿಕ್ಕಿಸುವ ಇನ್‌ಪುಟ್ ಒಂದು, ಎರಡು, ನಾಲ್ಕು... ಕೂತಲ್ಲಿ ಕೂರಲಾಗುತ್ತಿಲ್ಲ. ಊಟದ ನಡುವೆ ಎದ್ದು ಹೋಗಿ ಒಂದು ರಿವ್ಯೂ ನೋಡಿ ಬಂದೆ. ರೊಟ್ಟಿ ಆರಿತ್ತು, ಹೆಂಡತಿ ಮಂಜುಳಾ ಕಾದಿದ್ದಳು. ಎರಡೂ ಅರ್ಥದಲ್ಲಿ.

“ನಿಮ್ಮ ವಿಡಿಯೋ ಮುಗಿಯೋತನ ಅವರ ಗಡ್ಡಿ ಕಾಯಂಗಿಲ್ರೀ,” ಅಂದಳು.

ಸಂಶೋಧನೆ ಎಂದರೆ ಹೀಗೇ ಎಂದೆ. ಅಡುಗೆಮನೆಗೆ ಹೋಗಿಬಿಟ್ಟಳು.

ನವೆಂಬರ್ 7, ಶುಕ್ರವಾರ. ರಾಯಚೂರು ಬಸ್ಸಿನಲ್ಲಿ, ಮರಳಿ.

ಸ್ಟೇಷನ್ ರಸ್ತೆಯಲ್ಲಿ ಮುಷರ್ರಫ್‌ನ ಸೌಂಡ್ ಸಾಮಾನಿನ ಅಂಗಡಿ. ಎರಡು ತಾಸು ನಿಂತೆ. ಎಲ್ಲ ಪೆಟ್ಟಿಗೆ ಕೆಳಗೆ ತೆಗೆಸಿದೆ, ಎಲ್ಲ ಗುಂಡಿ ತಿರುಗಿಸಿದೆ. ನಾಲ್ಕು ಇನ್‌ಪುಟ್ಟಿನದು ಚಂದ ಕಂಡಿತು. ಅವನು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಜನ ಹಾಡುತ್ತಾರೆ ಅಂತ. ಒಬ್ಬರೇ ಎಂದೆ.

“ಮತ್ತ ನಾಕು ತೂತಿಂದು ಯಾಕ್ರೀ ಸಾರ್? ಇಡ್ಲಿ ಬೇಯಸ್ತೀರೇನು?”

ಒಂದು ಮೈಕ್, ಜೊತೆಗೆ ಒಂದೇ ಮೈಕಿನ ಪೆಟ್ಟಿಗೆ ತಂದೆ. ಸಣ್ಣದು, ಕಿಸೆಯಲ್ಲಿ ಹಿಡಿಸುತ್ತದೆ. ಅರ್ಧ ದಾರಿ ದಾಟುವ ಹೊತ್ತಿಗೆ ಅನುಮಾನ ಶುರು.

ನವೆಂಬರ್ 9, ಭಾನುವಾರ.

ಅನುಮಾನ ಸುಳ್ಳಾಗಲಿಲ್ಲ. ಮೈಕಿಗೆ ಕರೆಂಟು ಬೇಕು, ಅದನ್ನು ಪೆಟ್ಟಿಗೆ ಕೊಡಬೇಕು, ಪೆಟ್ಟಿಗೆ ಅದನ್ನು ಫೋನಿನಿಂದ ಹೀರಬೇಕು. ನನ್ನ ಫೋನು ಎರಡು ನಿಮಿಷ ಕೊಟ್ಟು ಕೈ ಎತ್ತಿತು. ಕೆಂಪು ದೀಪ ಮಿಣುಕಿತು, ಆರಿತು.

ಸಂಜೆ ಅಕ್ಕನಿಗೆ ಫೋನ್ ಮಾಡಿ ಹಾಡು ರೆಕಾರ್ಡ್ ಮಾಡುವ ವಿಷಯ ತಿಳಿಸಿದೆ. ಒಬ್ಬಾಕೆ ಹೇಗೆ ಹಾಡಲಿ ಎಂದು ಕೇಳಿದಳು. ಸೋಬಾನದಲ್ಲಿ ಒಬ್ಬರು ಸಾಲು ಬಿಡಬೇಕು, ಒಬ್ಬರು ಹಿಡಿಯಬೇಕು. ಅವಳ ಸಾಲು ಹಿಡಿಯುವವರು ಪಕ್ಕದ ಮನೆಯ ಶಹಜಾದಿ ಬೇಗಂ, ಮೂವತ್ತು ವರ್ಷದಿಂದ.

ಇದು ನನಗೆ ಗೊತ್ತಿರಬೇಕಿತ್ತು. ಜಾನಪದ ಸಂರಕ್ಷಕ!

ನವೆಂಬರ್ 12, ಬುಧವಾರ.

ಮತ್ತೆ ರಾಯಚೂರು. ಮುಷರ್ರಫ್ ಬದಲಿಸಿ ಕೊಟ್ಟ, ನಗುವನ್ನು ಬದಲಿಸಲಿಲ್ಲ. ಈಗ ಎರಡು ಮೈಕಿನದು, ಎರಡನೇ ಮೈಕೂ ಕೊಂಡೆ. ಅಕ್ಕನ ದನಿ ಏರುವಂಥದ್ದು, ಬೇಗಮ್ಮನದು ತಗ್ಗು. ಎರಡಕ್ಕೂ ಬೇರೆ ಬೇರೆ ಗುಂಡಿ. ಪವರ್ ಬ್ಯಾಂಕಿಗೆ ಬೇರೆ ದಾರಿ, ಫೋನಿಗೆ ಹೊರೆಯಿಲ್ಲ. ಹೆಡ್‌ಫೋನ್ ಹಾಕಿ ನನ್ನ ಉಸಿರು ಕೇಳಿದೆ. ಓಡಿ ಬಂದವನ ಉಸಿರು.

ಎಲ್ಲ ಸರಿ. ಆದರೂ ಸ್ಟ್ಯಾಂಡ್ ಇಲ್ಲ. ಗಾಳಿ ತಡೆಯುವ ಸ್ಪಂಜ್ ಇಲ್ಲ. ಮುಂದಿನ ವಾರ ಹೋದರೆ ಹೇಗೆ ಎಂದೆ. ಮುಂದಿನ ವಾರವೇ ಆಪರೇಷನ್ ಎಂದು ನೆನಪಿಸಿದಳು ಮಂಜುಳಾ. ಭಾನುವಾರ ಅರಕೇರಾಕ್ಕೆ ಅವಳೂ ಬರುತ್ತಾಳಂತೆ. ತೀರ್ಮಾನವಾಯಿತು. ನನ್ನ ಮತ ಚಲಾವಣೆಯಾಗಲಿಲ್ಲ.

ನವೆಂಬರ್ 16, ಭಾನುವಾರ. ಅರಕೇರಾ, ಸಂಜೆ 5.

ಪಡಸಾಲೆಯಲ್ಲಿ ಮೈಕ್ ಹೂಡಿದೆ. ಸ್ಟ್ಯಾಂಡಿಲ್ಲ, ಒಂದನ್ನು ಕೊಡಕ್ಕೆ ಕಟ್ಟಿದೆ, ಇನ್ನೊಂದನ್ನು ಒನಕೆಗೆ. ಶಹಜಾದಿ ಬೇಗಂ ಬಂದು ಕೂತರು. ಗುಂಡಿ ಸರಿ ಮಾಡಿ, ಹಾಡಕ್ಕಾ ಎಂದೆ.

ಹಾಡಲಿಲ್ಲ. ಸೋಬಾನವನ್ನು ಸುಮ್ಮನೆ ಹಾಡಬಾರದಂತೆ. ಮಣೆಯ ಮೇಲೆ ಯಾರಾದರೂ ಕೂರಬೇಕು, ಅರಿಶಿಣ ಹಚ್ಚಬೇಕು. ಇಲ್ಲದಿದ್ದರೆ ಹಾಡಿಗೂ ಕೆಡುಕು, ಹಾಡಿದವರಿಗೂ. ಮೂರು ದಿನದಲ್ಲಿ ಆಪರೇಷನ್ ಇರುವವಳ ಜೊತೆ ವಾದ ಮಾಡುವುದೆಂತು?

ಈ ಹೊತ್ತಿಗೆ ಮದುಮಕ್ಕಳನ್ನು ಎಲ್ಲಿಂದ ತರಲಿ ಎಂದೆ.

ಬೇಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇವರಿಬ್ರನ್ನ ಕುಂದ್ರಸ್ ಬೇ ಗದ್ದೆವ್ವ. ಹಳೀ ಮಾಲಾದ್ರೂ ಮದುಮಕ್ಳ ಅಲ್ಲೇನು?”

ಕೂತೆವು. ನಲವತ್ತಾರರ ಮದುಮಗ, ಕಿವಿಗೆ ಹೆಡ್‌ಫೋನು, ತೊಡೆಯ ಮೇಲೆ ಪೆಟ್ಟಿಗೆ. ಮಂಜುಳಾ ಸೆರಗಿನಲ್ಲಿ ನಗುತ್ತಿದ್ದಳು. ಅಕ್ಕ ನನ್ನ ಕೆನ್ನೆಗೆ ಅರಿಶಿಣ ಹಚ್ಚಿದಳು. ಕೈ ಒರಟು. ಹಾಡು ಎತ್ತಿದಳು:

ಹಚ್ಚಿದ ಅರಿಶಿಣ ಹಸಿ ಇರಲಿ ತಮ್ಮಯ್ಯ,
ಬಿಚ್ಚಿದ ಮಾತು ಬಿಸಿ ಇರಲಿ...

ಬೇಗಮ್ಮ ಸಾಲು ಹಿಡಿದರು. ಎರಡು ಮೈಕಿನಲ್ಲಿ ಎರಡು ದನಿ, ಸ್ಪಷ್ಟ. ಆದರೆ ಇದು ಹಾಡಿನ ನಡು. ದೇವರ ಹೆಸರು ಬರಲಿಲ್ಲ, ಮದುವೆ ಹಂದರದ ಸಾಲು ಬರಲಿಲ್ಲ. ಕೈ ಎತ್ತಿ ತಡೆದೆ, ಮೊದಲಿಂದ ಹಾಡು ಎಂದೆ.

ಅಕ್ಕ ಅರಿಶಿಣದ ಬಟ್ಟಲು ನೋಡುತ್ತ ಹೇಳಿದಳು. “ಮೊದಲಿಂದು ಆಗೇದಲ್ಲೋ ಉಮ್ಯಾ. ನಿನ್ನ ಮದುವ್ಯಾಗ. ಉಳದದ್ದಷ್ಟ ಹಾಡ್ತೀನಿ.”

ಬೇಗಮ್ಮ ನೆಲ ನೋಡಿದರು. ಮಂಜುಳಾ ನನ್ನನ್ನು ನೋಡಿದಳು. ನಾನು ಗುಂಡಿ ನೋಡಿದೆ. ಗುಂಡಿ ಸರಿಯಾಗೇ ಇತ್ತು.

ಉಳಿದದ್ದು ಹಾಡಿದಳು. ಹನ್ನೊಂದು ನಿಮಿಷ.

ನವೆಂಬರ್ 17, ಸೋಮವಾರ, ಬೆಳಗ್ಗೆ 7.10. ದೇವದುರ್ಗ ಬಸ್ ನಿಲ್ದಾಣ.

ಮಾನ್ಯ ಸಭಿಕರೇ, ಕಾರ್ಯಕ್ರಮ ಯಶಸ್ವಿ...

ಇಲ್ಲ. ಸಭೆಯಿಲ್ಲ, ಸಂರಕ್ಷಣೆಯಿಲ್ಲ.

ಮದುವೆಯಲ್ಲಿ ನನಗೆ ಅರಿಶಿಣ ಹಚ್ಚುವಾಗ ಹಾಡು ಅರ್ಧಕ್ಕೆ ಯಾಕೆ ನಿಂತಿತ್ತು ಎಂದು ಈಗ ಮಂಜುಳಾ ಕೇಳಿದಳು. ಆಗ ಅವಳು ತನ್ನ ತವರಿನಲ್ಲಿದ್ದಳು. ಕರೆಂಟು ಹೋಗಿತ್ತು ಎಂದೆ. ಹೋಗಿರಲಿಲ್ಲ. ಕಾಲೇಜಿನ ಗೆಳೆಯರು ಬಂದಿದ್ದರು, ಆರ್ಕೆಸ್ಟ್ರಾದವರು ಕಾಯುತ್ತಿದ್ದರು. ನಾನು ಬಿ.ಎ., ಇಸ್ತ್ರಿ ಅಂಗಿ. ಮಣೆಯಿಂದ ಬಗ್ಗಿ ಅಕ್ಕನ ಕಿವಿಯಲ್ಲಿ ಹೇಳಿದೆ: ‘ಸಾಕು ನಿಲ್ಲಸಕ್ಕ, ಮಂದಿ ನಗ್ತಾರ.’ ಯಾರೂ ನಗುತ್ತಿರಲಿಲ್ಲ. ನಾಚುತ್ತಿದ್ದವನು ನಾನೊಬ್ಬ. ಹದಿನೆಂಟು ವರ್ಷ ಊರೆಲ್ಲ ಹಾಡಿದಳು, ನನ್ನ ಮನೆಯಲ್ಲಿ ಹಾಡಲಿಲ್ಲ. ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನವೂ ಬಂದು ಅಡುಗೆ ಮಾಡಿ ಹೋದಳು.

ಎರಡು ವಾರ ನಾನು ಪೆಟ್ಟಿಗೆ ಆರಿಸಲಿಲ್ಲ. ಅವಳೆದುರು ಹೋಗಿ ಕೂರದಿರಲು ನೆಪ ಆರಿಸಿದೆ. ನಿನ್ನೆ ಕೂತಾಗಲೂ ಕಿವಿ ಮುಚ್ಚಿಕೊಂಡೇ ಕೂತೆ.

ಮಾನ್ವಿ ಬಸ್ಸು ಬಂತು. ಮಂಜುಳಾ ಸೀಟು ಹಿಡಿದು ಕಿಟಕಿಯಿಂದ ಕರೆಯುತ್ತಿದ್ದಾಳೆ. ಅವಳಿಗೆ ಹೇಳಬೇಕು, ಕರೆಂಟು ಹೋಗಿರಲಿಲ್ಲ ಅಂತ. ಅದಕ್ಕೂ ಮೊದಲು ಅಕ್ಕನಿಗೆ, ಅವಳು ತಿರುಗಿ ಏನಾದರೂ ಅನ್ನಲು ದನಿ ಇರುವಾಗಲೇ, ನಾನು ತಪ್ಪಾಯಿತು ಅನ್ನಬೇಕು.