ಫಾಗ್ ಲ್ಯಾಂಪಿನ ಕವರು

ಡಿಸೆಂಬರ್ 2, ಭಾನುವಾರ

ಇವತ್ತೂ ಬೈಗುಳದ ಜೊತೆಗೇ ಡ್ರೈವಿಂಗ್. ಪಕ್ಕದ ಸೀಟಿನಲ್ಲಿ ಮಾವ. ಕಣ್ಣಿನ ಪೊರೆ ಆಪರೇಷನ್ ಆಗಿದೆ, ಸದ್ಯಕ್ಕೆ ಸ್ಟೇರಿಂಗ್ ಮುಟ್ಟಬಾರದಂತೆ. ಬಾಯಿಗೆ ಮಾತ್ರ ಡಾಕ್ಟರು ರೆಸ್ಟ್ ಹೇಳಿಲ್ಲ.

ಸಂಜೆ ಎದುರಿಗೆ ಬಸ್ಸು. ನನ್ನ ಹೆಡ್‌ಲೈಟು ಹೈ ಬೀಮಿನಲ್ಲೇ ಇತ್ತು.

"ಡಿಮ್ ಮಾಡಮ್ಮ, ಡಿಮ್ ಮಾಡು! ಅವನ ಕಣ್ಣು ಕುಕ್ಕಿದ್ರೆ ಬಂದು ಗುದ್ದೋದು ನಮಗೇನೇ."

ಹೇಳಿದ್ದು ಸರಿ. ಹೇಳುವ ರೀತಿ... ಅಬ್ಬಬ್ಬಾ.

ಕಾರು ಹೊಸದು. ಹೊಸದೆಂದರೆ ಮಾವನ ಲೆಕ್ಕದಲ್ಲಿ ಪ್ಲಾಸ್ಟಿಕ್ ತೆಗೆಯಬಾರದ್ದು. ಸೋಫಾ, ರಿಮೋಟು, ಫ್ರಿಜ್ಜಿನ ಹಿಡಿ — ಎಲ್ಲಕ್ಕೂ ಕವರು. ಕಾರಿನ ಸೀಟಿಗೂ. ಕೂತರೆ ಚರಪರ. ನಾದಿನಿ ಹೊಟ್ಟೆ ಸವರಿಕೊಂಡು ಕೇಳಿದಳು, "ಅಪ್ಪಾ, ಇದು ಹುಟ್ಟಿದ್ಮೇಲೆ ಇದಕ್ಕೂ ಕವರ್ ಹಾಕ್ತೀಯಾ?" ಮಾವ ಯೋಚನೆ ಮಾಡಿದರು. ನಿಜವಾಗಿಯೂ ಮಾಡಿದರು!

ಡಿಸೆಂಬರ್ 5, ಬುಧವಾರ

ಬೆಳಿಗ್ಗೆ ಮಂಜೋ ಮಂಜು. ನನ್ನ ಹೊಲಿಗೆ ಅಂಗಡಿ ಬಾಗಿಲು ತೆಗೆದಾಗ ಎದುರಿನ ಅಂಗಡಿಯೇ ಕಾಣಲಿಲ್ಲ.

ನನಗೊಂದೇ ಚಿಂತೆ. ನಾದಿನಿಗೆ ದಿನ ತುಂಬುತ್ತಿದೆ. ಅವಳ ಗಂಡ, ನಮ್ಮವರು — ಇಬ್ಬರೂ ಕೆಲಸದ ಮೇಲೆ ದೂರ ಹೋಗಿದ್ದಾರೆ. ಆಸ್ಪತ್ರೆ ಗುಡ್ಡದಾಚೆ. ಇಂಥ ಬೆಳಿಗ್ಗೆಯೇ ನೋವು ಬಂದರೆ ಓಡಿಸುವವಳು ನಾನೇ. ಮಂಜಿನಲ್ಲಿ ಒಮ್ಮೆಯೂ ಓಡಿಸಿಲ್ಲ.

ಮಾವನಿಗೆ ಹೇಳಿದೆ. "ಮಂಜಿಗೆ ಅಂತಲೇ ಫಾಗ್ ಲ್ಯಾಂಪ್ ಇದೆಯಲ್ಲಮ್ಮ! ಅದಿರೋ ಮಾಡೆಲ್ಲೇ ಬೇಕು ಅಂತ ಹಟ ಹಿಡಿದು ತಂದಿಲ್ವಾ ನಾನು?"

ಸ್ವಲ್ಪ ಧೈರ್ಯ ಬಂತು.

ಡಿಸೆಂಬರ್ 11, ಮಂಗಳವಾರ, ಬೆಳಿಗ್ಗೆ, ಆಸ್ಪತ್ರೆ

ಕಾಯುತ್ತಾ ಕೂತು ಬರೆಯುತ್ತಿದ್ದೇನೆ.

ಬೆಳಕು ಹರಿಯುವ ಮುಂಚೆ ನಾದಿನಿ ಕೂಗಿಕೊಂಡಳು. ಆಂಬುಲೆನ್ಸಿಗೆ ಫೋನ್ ಮಾಡಿದರೆ, ಮಂಜು ಕರಗಬೇಕು, ತಡವಾಗುತ್ತೆ ಅಂದರು. ಅವಳನ್ನು ಹಿಂದೆ ಮಲಗಿಸಿ ಹೊರಟೆವು.

ಗುಡ್ಡ ಹತ್ತುತ್ತಲೇ ರಸ್ತೆ ಮಾಯ. ಫಾಗ್ ಲ್ಯಾಂಪಿನ ಸ್ವಿಚ್ ಒತ್ತಿದೆ. ಮೀಟರಿನ ಹತ್ತಿರ ಅದರ ಗುರುತು ಹೊತ್ತಿತು. ರಸ್ತೆ ಮೇಲೆ ಮಾತ್ರ ಬೆಳಕಿಲ್ಲ! ಗಾಬರಿಯಲ್ಲಿ ಹೈ ಬೀಮ್ ಹಾಕಿಬಿಟ್ಟೆ. ಎದುರಿಗೆ ಬಿಳೀ ಗೋಡೆ. ನೆಲ, ತಿರುವು, ಕಂದಕ — ಏನೂ ಕಾಣದು.

"ಡಿಮ್ ಮಾಡು! ಮಂಜಲ್ಲಿ ಹೈ ಬೀಮ್ ಹಾಕಿದ್ರೆ ನಮ್ಮ ಬೆಳಕು ನಮ್ಮ ಕಣ್ಣಿಗೇ ಹೊಡಿಯುತ್ತೆ!"

ಡಿಮ್ ಮಾಡಿದೆ. ಆದರೂ ಸಾಲದು. ತೆವಳಿಕೊಂಡು ಹೋಗಿ, ರಸ್ತೆ ಬಿಟ್ಟು ಅಗಲವಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ ಇಳಿದೆ. ಬಗ್ಗಿ ನೋಡಿದರೆ... ಬಂಪರಿನಲ್ಲಿ ಎರಡೂ ಫಾಗ್ ಲ್ಯಾಂಪುಗಳ ಮೇಲೆ ದಪ್ಪ ಕಪ್ಪು ಪ್ಲಾಸ್ಟಿಕ್. ಸುತ್ತ ಟೇಪು. ಅಷ್ಟು ಕೆಳಗೆ ಯಾರು ಬಗ್ಗಿ ನೋಡಿದ್ದರು?

ಮಾವನೂ ಇಳಿದಿದ್ದರು. "ಕಲ್ಲು ಬಡಿದೀತು ಅಂತ... ಮರೆತೇಬಿಟ್ಟೆ ಕಣಮ್ಮ."

"ನಿಮ್ಮ ಕವರಿಗಿಷ್ಟು ಬೆಂಕಿ ಹಾಕ, ಮಾವ!" ಅಂದೇಬಿಟ್ಟೆ. ಮದುವೆಯಾಗಿ ಬಂದಮೇಲೆ ಹೀಗೆ ಮಾತಾಡಿದ್ದಿಲ್ಲ.

ಅವರು ಒದ್ದೆ ನೆಲದಲ್ಲಿ ಮಂಡಿಯೂರಿ ಉಗುರಿನಿಂದಲೇ ಕಿತ್ತರು.

ಬೆಳಕು ಬಂತು — ತಗ್ಗಿನಲ್ಲಿ, ಅಗಲಕ್ಕೆ. ರಸ್ತೆಯಂಚಿನ ಬಿಳಿ ಗೆರೆ ಕಂಡಿತು. ಅಷ್ಟು ಸಾಕಾಯಿತು. ಹೊಲಿಗೆ ಗೆರೆ ಬಿಡದ ಹಾಗೆ ಅದನ್ನೇ ಹಿಡಿದು ನಿಧಾನವಾಗಿ ಓಡಿಸಿದೆ. ಗುಡ್ಡ ಇಳಿದ ಮೇಲೆ ಮಂಜು ಹರಿಯಿತು.

"ಇನ್ನು ಫಾಗ್ ಲ್ಯಾಂಪ್ ಆರಿಸಮ್ಮ. ಮಂಜಿಲ್ದಾಗ ಎದುರಿನವರಿಗೆ ತೊಂದರೆ."

ನೋವಿನ ನಡುವೆಯೇ ನಾದಿನಿ ಕಿರುಚಿದಳು, "ಅಪ್ಪಾ, ಬಾಯ್ಮುಚ್ಕೊಂಡಿರು!"

ಈಗ ಅವಳು ಒಳಗೆ. ಬಾಗಿಲು ಮುಚ್ಚಿದೆ. ಮಾವನ ಬೆರಳಿಗೆ ಟೇಪು ಅಂಟಿಕೊಂಡೇ ಇದೆ.

ಅದೇ ದಿನ, ಮಧ್ಯಾಹ್ನ

ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಅಬ್ಬಾ! ಹೋದ ಜೀವ ಬಂತು.

ನರ್ಸ್ ಅಂದಳು, "ಸ್ವಲ್ಪ ತಡ ಆಗಿದ್ರೂ ದಾರೀಲೇ ಆಗ್ಬಿಡ್ತಿತ್ತು."

ಮಾವ ಗೋಡೆಗೆ ಮುಖ ಮಾಡಿ ಅತ್ತರು. ಆಮೇಲೆ ನನ್ನ ಹತ್ತಿರ ಬಂದು, "ಚೆನ್ನಾಗಿ ಓಡಿಸ್ತೀಯ ಕಣಮ್ಮ" ಅಂದರು. ನನಗೂ ಅಳು ತಡೆಯಲಾಗಲಿಲ್ಲ.

ಡಿಸೆಂಬರ್ 15, ಶನಿವಾರ

ಮಗು ಮನೆಗೆ ಬಂತು. ನಮ್ಮ ಸೋಫಾ ಇಷ್ಟು ಹಸಿರು ಅಂತ ಇವತ್ತೇ ಗೊತ್ತಾಗಿದ್ದು! ಮಾವ ಬೆಳಿಗ್ಗೆಯೇ ಕವರು ಕಿತ್ತಿದ್ದಾರೆ.

ಮಗುವಿನ ಹೊಸ ಹಾಸಿಗೆ ಪ್ಲಾಸ್ಟಿಕ್ಕಿನೊಳಗೇ ಇತ್ತು. ಎಲ್ಲರೂ ಮಾವನನ್ನೇ ನೋಡಿದೆವು. ನನ್ನ ಬಟ್ಟೆ ಕತ್ತರಿ ತಂದು ಅವರೇ ಕವರು ಕತ್ತರಿಸಿ, ಅವರೇ ಮಗುವನ್ನು ಮಲಗಿಸಿದರು. "ಕೊಳೆ ಆದ್ರೆ ಆಗಲಿ ಬಿಡಿ, ನಾನೇ ತೊಳೀತೀನಿ."

ರಿಮೋಟಿನದು ಮಾತ್ರ ಹಾಗೇ ಇದೆ. ಕೇಳಿದರೆ, ಅದು ಬೇರೆ ವಿಷಯ ಅಂತೆ...

ಮಾವ ಕೂಗುತ್ತಿದ್ದಾರೆ. ಏನೋ ಬಹುಮಾನ ಬಂದವರ ಹಾಗೆ — "ಎಲ್ಲಾ ಬನ್ನಿ, ಒದ್ದೆ ಮಾಡಿದಾಳೆ! ಹೊಸಾ ಹಾಸಿಗೆ, ಪೂರ್ತಿ ಒದ್ದೆ!" ನಗುತ್ತಿದ್ದಾರೆ, ಇಷ್ಟು ಜೋರಾಗಿ ಅವರು ನಕ್ಕಿದ್ದು ನಾನು ಯಾವತ್ತೂ —