ಅತ್ತೆಗೆ ಹೇಳದೆ ಉಳಿದ ಎರಡು ಅಧ್ಯಾಯ

ಅತ್ತೀ,

ಮಹಾನಂದಾಳ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೌದು, ಸಂಭಾಜಿನಗರದಿಂದ, ನಿಮ್ಮ ಮಗಳ ಮನೆಯಿಂದಲೇ. ಹುಬ್ಬು ಗಂಟು ಹಾಕಬೇಡಿ. ಕಾರ್ಖಾನೆಯಲ್ಲಿ ಹದಿನೈದು ದಿನದ ರಜೆ ಹೇಳಿ ಬಂದಿದ್ದೇನೆ. ಇವತ್ತಿಗೆ ಮೂರನೇ ದಿನ. ಬೆಳಿಗ್ಗೆ ಎಂಟರವರೆಗೆ ಮಲಗಿದ್ದೆ. ಎದ್ದರೆ ಚಹಾ ಕೈಗೇ ಬಂತು. ಹೀಗೆ ಯಾರಾದರೂ ನನಗೆ ಚಹಾ ತಂದುಕೊಟ್ಟು ಎಷ್ಟು ವರ್ಷವಾಯಿತೋ... ಆದರೂ ದಣಿವು ಇಳಿದಿಲ್ಲ. ನೀವು ಹೋಗಿ ಎರಡು ತಿಂಗಳಾಯಿತು, ಇನ್ನೂ ಸಂಜೆ ಐದಾಯಿತೆಂದರೆ ಯಾರೋ ಕರೆದಂತಾಗಿ ಎದ್ದು ನಿಲ್ಲುತ್ತೇನೆ.

ನೀವು ಬಚ್ಚಲಲ್ಲಿ ಜಾರಿ ಬಿದ್ದ ದಿನ ಡಾಕ್ಟರು ಏನು ಹೇಳಿದ್ದರು? ಸೊಂಟದ ಎಲುಬು ಕೂಡಿಸಿದ್ದೇವೆ, ಮೂರು ತಿಂಗಳಲ್ಲಿ ಅಜ್ಜಿ ಓಡಾಡುತ್ತಾರೆ ಎಂದಿದ್ದರು. ಎಂಟು ತಿಂಗಳಾದರೂ ನೀವು ಹಾಸಿಗೆ ಬಿಟ್ಟು ಏಳಲಿಲ್ಲ. ಬೆಳಿಗ್ಗೆ ಏಳರಿಂದ ಮೂರೂವರೆಯವರೆಗೆ ನಾನು ನಾಶಿಕದ ಅಂಬಡ್‌ನ ಕಾರ್ಖಾನೆಯಲ್ಲಿ ಸ್ವಿಚ್ಚಿನ ಡಬ್ಬಿಗಳಿಗೆ ಸ್ಕ್ರೂ ಬಿಗಿಯುತ್ತಿದ್ದೆ. ಆಮೇಲೆ ಮನೆಗೆ ಬಂದು ನಿಮ್ಮನ್ನು ಹೊರಳಿಸುವುದು, ಒರೆಸುವುದು, ಚಾದರ ಒಗೆಯುವುದು, ರೊಟ್ಟಿ ಬಡಿಯುವುದು. ನಿಮ್ಮ ಮಗ ಬರುವ ಹೊತ್ತಿಗೆ ರಾತ್ರಿ ಎಂಟು. ನಗುನಗುತ್ತಾ ಮಾಡಿದೆ ಎಂದರೆ ನೀವೇ ನಂಬುವುದಿಲ್ಲ. ಪಾತ್ರೆ ಕುಕ್ಕಿದ್ದೇನೆ, ಬಾಗಿಲು ದಬ್ಬಿದ್ದೇನೆ, ನೀವು ಎರಡು ಸಲ ಕರೆದರೂ ಕೇಳಿಸದವಳ ಹಾಗೆ ನಿಂತಿದ್ದೇನೆ. ನೀವು ಮಾತ್ರ ಮೂರನೇ ಸಲ ಕೂಗಲಿಲ್ಲ.

ಆ ಕಾದಂಬರಿ ಮನೆಗೆ ಬಂದದ್ದು ಅಂಥದೇ ಒಂದು ದಿನ. ನನ್ನ ಪಕ್ಕದ ಟೇಬಲ್ಲಿನವಳು ನನ್ನ ಮುಖ ನೋಡಿ, ತಲೆ ಓಡಿಸುವ ಕೆಲಸವಿಲ್ಲ, ಸುಮ್ಮನೆ ಓದು ಎಂದು ಆ ಮರಾಠಿ ಪುಸ್ತಕವನ್ನು ನನ್ನ ಚೀಲಕ್ಕೆ ತುರುಕಿದಳು. ಕೊಂಕಣದ ಸಮುದ್ರದ ದಂಡೆಯ ಮೇಲೊಂದು ಬಂಗಲೆ. ಎಪ್ಪತ್ತು ವರ್ಷದ ತಾಯಿ ಬಂಗಲೆಯನ್ನು ಯಾರ ಹೆಸರಿಗೆ ಮಾಡಬೇಕೆಂದು ಹೇಳುತ್ತೇನೆ ಬನ್ನಿ ಎಂದು ಮಕ್ಕಳನ್ನೆಲ್ಲ ಕರೆಸುತ್ತಾಳೆ. ಬಂದವರು ಸಮುದ್ರದ ಕಡೆಯ ಕೋಣೆ ಯಾರಿಗೆ ಎಂದು ಮೊದಲ ದಿನವೇ ಜಗಳ ಶುರು ಮಾಡುತ್ತಾರೆ. ನಾನೊಬ್ಬಳೇ ನಗುವುದನ್ನು ಕೇಳಿ ನೀವು, ಅದೇನು ನನಗೂ ಹೇಳು ಎಂದಿರಿ. ನಿಮಗೆ ಓದು ಬಾರದು, ಮರಾಠಿಯೂ ಭಾಜಿ-ತರಕಾರಿ ಕೊಳ್ಳುವಷ್ಟೇ. ಹಾಗಾಗಿ ಪುಸ್ತಕ ಹಿಡಿದು ನಮ್ಮ ಬೀದರ ಕಡೆಯ ಮಾತಿನಲ್ಲಿ ಹೇಳತೊಡಗಿದೆ.

ನೀವು ಬದನೆಕಾಯಿಯ ಪ್ರಶ್ನೆ ಕೇಳಿದ್ದು ನೆನಪಿದೆಯೇ? ಆ ಬಂಗಲೆಯಲ್ಲಿ ಹೊತ್ತು ಹೊತ್ತಿಗೆ ಮೀನು. ಲಿಂಗ ಕಟ್ಟಿಕೊಂಡ ನಿಮ್ಮ ಮುಂದೆ ಅದನ್ನು ಹೇಗೆ ಹೇಳಲಿ? ಮೀನು ಬಂದಲ್ಲೆಲ್ಲ ಎಣ್ಣೆಗಾಯಿ ಎಂದೆ. ನಾಲ್ಕನೇ ಸಂಜೆ ನೀವು ಕೇಳಿದಿರಿ: "ಅಲ್ಲ ಸುವರ್ಣಾ, ಸಮುದ್ರದ ದಂಡಿ ಮ್ಯಾಲ ಕೂತು ದಿನಾ ಬದನಿಕಾಯಿ ತಿಂತಾರ? ಮೈ ತುರಸಂಗಿಲ್ಲೇನು ಅವ್ರಿಗಿ?" ನನಗೆ ನಗು ತಡೆಯಲಿಲ್ಲ, ನೀವೂ ನಕ್ಕಿರಿ. ಅಷ್ಟು ಜನರ ಬಟ್ಟೆಯಲ್ಲಿನ ಮರಳು ಯಾರು ಜಾಡಿಸುತ್ತಾರೆ, ಒಂದೇ ಬಚ್ಚಲಾದರೆ ಮೊದಲು ಯಾರು ಹೋಗುತ್ತಾರೆ, ಇದೆಲ್ಲ ನಿಮಗೆ ಬೇಕು. ಅದು ಪುಸ್ತಕದಲ್ಲಿ ಎಲ್ಲಿರುತ್ತದೆ? ನಾನೇ ಕಟ್ಟಿ ಹೇಳುತ್ತಿದ್ದೆ. ನಾಲ್ಕು ಪುಟಕ್ಕೆ ನನಗೆ ತೂಕಡಿಕೆ. ಒಂದು ಅಧ್ಯಾಯ ಮುಗಿಯಲು ವಾರ ಹಿಡಿಯುತ್ತಿತ್ತು.

ಮಾವನವರು ತೀರಿಕೊಂಡಾಗ ಮಹಾನಂದಾ ನಿಮ್ಮನ್ನು ತನ್ನ ಮನೆಗೆ ಕರೆದಳು. ಮಗಳ ಮನೆಯಲ್ಲಿ ಇರುವುದು ಚೆನ್ನಲ್ಲ ಎಂದಿರಿ. ಅವಳು ಸಿಟ್ಟಿಗೆದ್ದು ನೆಂಟರೆಲ್ಲರ ಎದುರಿಗೆ, "ನಾಳಿ ಎಲ್ಲೆರೆ ಬಿದ್ದಿ ಅಂದ್ರ ನನಗ ಕರೀಬ್ಯಾಡ" ಎಂದುಬಿಟ್ಟಳು. ಮೂರು ವರ್ಷ ನಿಮ್ಮಿಬ್ಬರಿಗೆ ಮಾತಿಲ್ಲ. ನೀವು ನಿಜವಾಗಿಯೂ ಬಿದ್ದಿರಿ. ಅವಳು ಓಡಿಬಂದು ಆಸ್ಪತ್ರೆಯಲ್ಲಿ ಕಾಲ ಬಳಿ ನಿಂತರೆ ನೀವು ಗೋಡೆಯ ಕಡೆಗೆ ಮುಖ ತಿರುಗಿಸಿದಿರಿ. ಅವಳು ಅದೇ ದಿನದ ಬಸ್ಸಿಗೆ ವಾಪಸು ಹೋದಳು. ಆಮೇಲೆ ಎಂಟು ತಿಂಗಳು ಎಲ್ಲವೂ ನನ್ನೊಬ್ಬಳ ಮೇಲೆ.

ನಾನು ಕಥೆ ತಿರುಚಿದ ಸಂಜೆ ನಿಮಗೆ ಮರೆತಿರಲಿಕ್ಕಿಲ್ಲ. ಕಾದಂಬರಿಯಲ್ಲೂ ತಾಯಿಯ ಜತೆ ಮಾತು ಬಿಟ್ಟ ಹಿರಿಯ ಮಗಳೊಬ್ಬಳಿದ್ದಳಲ್ಲ, ಸುಲಭಾ? ಪುಸ್ತಕದಲ್ಲಿ ಅವಳು ಕರೆಯದೆ ತಾನೇ ಬರುತ್ತಾಳೆ. ನಾನು, ತಾಯಿಯೇ ಮೊದಲು ಫೋನ್ ಮಾಡಿದಳು, ಬಾ ಮಗಳೇ ಎಂದು ಅತ್ತಳು ಎಂದೆ. ಅಷ್ಟಕ್ಕೇ ಬಿಡದೆ ಆ ಅಳುವನ್ನು ಎಳೆದೂ ಎಳೆದೂ ಹೇಳಿದೆ. ಒಳ್ಳೆಯತನದಿಂದ ಅಲ್ಲ, ಅತ್ತೀ. ನೀವು ಮಗಳನ್ನು ಕರೆದರೆ ಅವಳು ಬಂದು ನಿಮ್ಮನ್ನು ನೋಡಿಕೊಳ್ಳುತ್ತಾಳೆ, ನಾನು ಹುಮನಾಬಾದಿಗೆ, ನನ್ನ ತವರಿಗೆ ಹೋಗಿ ಹದಿನೈದು ದಿನ ನಿದ್ದೆ ಮಾಡುತ್ತೇನೆ. ಇದ್ದ ಆಸೆ ಅಷ್ಟೇ. ನೀವು ಎಲ್ಲ ಕೇಳಿ ಮೆಲ್ಲಗೆ ಹೇಳಿದಿರಿ:

"ಆಗಿನಿಂದ ನೀ ಹಾಳಿ ತಿರುವೇ ಇಲ್ಲ. ಪುಸ್ತಕದಾಗಿಂದು ಹೇಳು. ನಿಂದು ಆಮ್ಯಾಲ ಹೇಳಂತಿ."

ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಇನ್ನು ಈ ಮುದುಕಿ ಬಗ್ಗುವುದಿಲ್ಲ ಎಂದು ಆಸೆ ಬಿಟ್ಟೆ. ಮಹಾನಂದಾಳ ಸುದ್ದಿಯನ್ನು ಮತ್ತೆ ಎತ್ತಲೂ ಇಲ್ಲ.

ಕೊನೆಯ ಸಂಜೆ ನೀವು ಪುಸ್ತಕದ ಕಡೆ ನೋಡಿದಿರಿ. ಎರಡೇ ಅಧ್ಯಾಯ ಉಳಿದಿದ್ದವು. ನನಗೆ ಅಂದು ಎರಡು ಪಾಳಿಯ ಕೆಲಸವಾಗಿತ್ತು, ಕಣ್ಣು ಬಿಡಲಾಗುತ್ತಿರಲಿಲ್ಲ. ನಾಳೆ ಓದುತ್ತೇನ್ರಿ ಎಂದೆ. ಆಯಿತು, ಮಲಗು ಎಂದಿರಿ. ಮರುದಿನ ಹನ್ನೊಂದಕ್ಕೆ ಪಕ್ಕದ ಮನೆಯವರು ನನಗೆ ಫೋನ್ ಮಾಡಿದರು. ನಾನು ಬಂದು ಮುಟ್ಟುವ ಹೊತ್ತಿಗೆ... ಹತ್ತು ನಿಮಿಷ ಓದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಮೂರನೇ ದಿನದ ಕಾರ್ಯ ಮುಗಿದು ಬಂದವರೆಲ್ಲ ಉಂಡೆದ್ದ ಮೇಲೆ ನಾನೂ ಮಹಾನಂದಾಳೂ ಪಾತ್ರೆ ತಿಕ್ಕುತ್ತಿದ್ದೆವು. ಅವಳು ತಲೆ ಎತ್ತದೆ ಕೇಳಿದಳು:

"ವೈನಿ, ಕಡೀಗಿ ಆ ಸಮುದ್ರದ ಕಡಿ ಖೋಲಿ ಯಾರಿಗಿ ಸಿಕ್ತುರಿ? ಸುಲಭಾಗೇನು?"

ಈ ಹೆಸರು ಇವಳಿಗೆ ಹೇಗೆ ಗೊತ್ತು? ಯಾರು ಹೇಳಿದರೆಂದು ಕೇಳಿದೆ. ಆಗ ಎಲ್ಲ ಹೊರಬಿತ್ತು. ನೀವು ನನ್ನ ಸುಳ್ಳು ಹಿಡಿದ ಮರುದಿನವೇ ಪಕ್ಕದ ಮನೆಯವರ ಕೈಯಿಂದ ಮಗಳಿಗೆ ಫೋನ್ ಹಚ್ಚಿಸಿದ್ದಿರಂತೆ. ಅಂದಿನಿಂದ ಎರಡು ತಿಂಗಳು, ನಾನು ಕಾರ್ಖಾನೆಯಲ್ಲಿರುವ ಹೊತ್ತಿನಲ್ಲಿ, ದಿನಾ ಮಧ್ಯಾಹ್ನ ತಾಯಿ ಮಗಳ ಮಾತು. ಹಿಂದಿನ ಸಂಜೆಯ ಕಥೆಯನ್ನೆಲ್ಲ ಅವಳಿಗೆ ಒಪ್ಪಿಸುತ್ತಿದ್ದಿರಂತೆ, ಬದನೆಕಾಯಿ ಸಮೇತ. ನನಗೆ ಒಂದು ಸುಳಿವಾದರೂ ಕೊಟ್ಟಿರೇ?

ಹಾಗಿದ್ದರೆ ಅವ್ವನನ್ನು ನೋಡಲು ಯಾಕೆ ಬರಲಿಲ್ಲ ಎಂದು ನಾನು ಅವಳ ಮೇಲೆ ಹರಿಹಾಯ್ದೆ. ಅವಳು ಕಣ್ಣೊರೆಸಿಕೊಂಡು ಹೇಳಿದಳು:

"ನಾ ಬರ್ತೀನಿ, ವೈನಿಗಿ ಹದಿನೈದು ದಿನ ಆರಾಮ ಸಿಗ್ತದ ಅಂದ್ನಿರಿ. ಅವ್ವ ಆಣಿ ಹಾಕಿದ್ಲು. 'ನೀ ಬಂದ್ರ ಅಕಿ ತವರಿಗಿ ಹೋಗ್ತಾಳ. ಇಷ್ಟು ಸಾಕಾಗ್ಯದ ಅಕಿಗಿ, ಹೋದಾಕಿ ತಿರುಗಿ ಬರ್ತಾಳೋ ಇಲ್ಲೋ. ನನಗ ಅಕಿ ಬೇಕು' ಅಂದ್ಲು."

ಅತ್ತೀ, ನಿಮ್ಮ ಮೇಲೆ ಬಂದ ಸಿಟ್ಟನ್ನು ಹೇಗೆ ಬರೆಯಲಿ? ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನನಗೆ ನಿದ್ದೆಯಿಲ್ಲದ್ದು ನಿಮಗೆ ಕಾಣುತ್ತಿತ್ತು. ಕಂಡೂ ಕಟ್ಟಿಹಾಕಿದಿರಿ. ನನಗ ಅಕಿ ಬೇಕು ಎಂಬ ಆ ಒಂದು ಮಾತನ್ನು ನನ್ನ ಎದುರಿಗೆ ಆಡಿದ್ದರೆ, ನಿಮ್ಮಾಣೆ, ನಾನು ಅಷ್ಟು ದಣಿಯುತ್ತಲೇ ಇರಲಿಲ್ಲ.

ಹೋದ ವಾರ ಮಹಾನಂದಾ ಫೋನ್ ಮಾಡಿ, ಆಗ ಸಿಗದ ಹದಿನೈದು ದಿನ ಈಗ ನಮ್ಮ ಮನೆಯಲ್ಲಿ ತಗೊಳ್ರಿ ಎಂದಳು. ಬಂದೆ, ಪುಸ್ತಕವನ್ನೂ ತಂದೆ. ನಿನ್ನೆ ಮಧ್ಯಾಹ್ನ ಉಳಿದ ಎರಡು ಅಧ್ಯಾಯಗಳನ್ನು ಅವಳಿಗೆ ಓದಿ ಹೇಳಿದೆ. ನೀವೂ ಕೇಳಿಸಿಕೊಳ್ಳಿ: ಆ ಬಂಗಲೆ ತಾಯಿಯದಲ್ಲವೇ ಅಲ್ಲ! ಒಂದು ತಿಂಗಳಿಗೆ ಬಾಡಿಗೆ ಹಿಡಿದದ್ದು. ಮಕ್ಕಳು ಫೋನಿನಲ್ಲಿ ಬೇರೆ ಬೇರೆ ಜಗಳಾಡುವ ಬದಲು ಒಂದೇ ಕಡೆ ಕೂತು ಆಡಲಿ ಎಂದು ಕರೆಸಿದ್ದಳಂತೆ. ಸಮುದ್ರದ ಕಡೆಯ ಕೋಣೆಗೆ ಮೊದಲ ದಿನವೇ ಬೀಗ ಹಾಕಿ ತನಗಾಗಿ ಇಟ್ಟುಕೊಂಡಿದ್ದಳು. ಬೆರಕಿ ಮುದುಕಿ. ನಿಮಗೆ ಬಹಳ ಸೇರುತ್ತಿದ್ದಳು. ಮಹಾನಂದಾ ನಕ್ಕೂ ನಕ್ಕೂ, ಕೊನೆಗೆ ನಮ್ಮ ಅವ್ವನೂ ಇಂಥಾಕಿನೇ ಎಂದು ಸೆರಗು ಬಾಯಿಗೆ ಹಿಡಿದಳು.

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತಾ ನಾಳೆ ಹೊರಡುತ್ತೇನೆ ಎಂದೆ. ಇನ್ನೂ ಹನ್ನೆರಡು ದಿನ ಉಳಿದಿದೆಯಲ್ಲ, ಅಲ್ಲಿ ಅಣ್ಣನ ಹೊರತು ಯಾರಿದ್ದಾರೆಂದು ಓಡುತ್ತೀರಿ ಎಂದು ಅವಳು ಕೇಳಿದಳು. ಆ ಮನೆಯಲ್ಲಿ ನೀವಿಲ್ಲ, ನಿಮ್ಮ ಮಗ ಬರುವವರೆಗೆ ನನ್ನನ್ನು ಕರೆಯುವವರಿಲ್ಲ, ಗೊತ್ತು. ಆದರೂ ಚೀಲ ಕಟ್ಟಿದ್ದೇನೆ, ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ನಾಶಿಕಕ್ಕೆ ಹೊರಟಿದ್ದೇನೆ. ನೋಡಿದಿರಾ, ಹದಿನೈದು ದಿನಕ್ಕೆಂದು ಬಂದವಳು ನಾಲ್ಕನೇ ದಿನಕ್ಕೇ... ಆವಾಗ ಕಳಿಸಿದ್ದರೂ ಇಷ್ಟೇ ಆಗುತ್ತಿತ್ತು, ಅತ್ತೀ. ತಿರುಗಿ ಬರುತ್ತಿದ್ದೆ.

ನಿಮ್ಮ
ಸುವರ್ಣಾ