ನನ್ನ ತಾಯಿಯನ್ನು ಜಾಹೀರಾತಿನಿಂದ ಇಳಿಸಿ

ಆನ್‌ಲೈನ್ ಜಾಹೀರಾತುಗಳ ಮೇಲೆ ಕಣ್ಣಿಡಲೆಂದೇ ಕುರ್ಚಿ ಪಡೆದಿರುವ ಮಾನ್ಯ ಅಧಿಕಾರಿಗಳೇ,

ಹೋದ ವರ್ಷ ತೀರಿಕೊಂಡ ನನ್ನ ತಾಯಿ ಈಗ ಮಂಡಿಪಟ್ಟಿ ಮಾರುತ್ತಿದ್ದಾಳೆ. ಅಪ್ಪ ಬೆಳಿಗ್ಗೆ ಮೊಬೈಲಿನಲ್ಲಿ ಸುದ್ದಿ ನೋಡಲು ಕೂತರೆ ಸುದ್ದಿಗಿಂತ ಮೊದಲು ಅವಳು ಬರುತ್ತಾಳೆ. ಸರಸರನೆ ಮೆಟ್ಟಿಲು ಹತ್ತುತ್ತಾಳೆ, ಇಳಿಯುತ್ತಾಳೆ, ಮಂಡಿ ತಟ್ಟಿಕೊಂಡು ನಗುತ್ತಾಳೆ. ಇದನ್ನು ತೆಗೆಸಿ ಎಂದು ನಿಮಗೆ ದೂರು ಕೊಟ್ಟೆ. ನಿಮ್ಮ ಉತ್ತರ ಇದು: “ಸದರಿ ಆಕೃತಿಯು ಕೃತಕ ಬುದ್ಧಿಮತ್ತೆಯಿಂದ ನಿರ್ಮಿತವಾಗಿದ್ದು, ಯಾವುದೇ ನೈಜ ವ್ಯಕ್ತಿಗೆ ಸಂಬಂಧಿಸಿರುವುದಿಲ್ಲ. ಆಕ್ಷೇಪವಿದ್ದಲ್ಲಿ ಬಾಧಿತ ವ್ಯಕ್ತಿಯು ಖುದ್ದು ಹಾಜರಾಗತಕ್ಕದ್ದು.” ಎಂಥ ಅಚ್ಚುಕಟ್ಟು! ಒಂದು ವಾಕ್ಯದಲ್ಲಿ ಅವಳು ಇಲ್ಲವೇ ಇಲ್ಲ ಎಂದಿರಿ, ಮುಂದಿನ ವಾಕ್ಯದಲ್ಲಿ ಅವಳನ್ನೇ ಕಚೇರಿಗೆ ಕರೆದಿರಿ. ಇನ್ನು ಹೇಗೆ ಹಾಜರಾಗಬೇಕು ಸ್ವಾಮಿ? ದಿನ ಬೆಳಗಾದರೆ ಊರಿನವರ ಅಂಗೈಯಲ್ಲೆಲ್ಲ ಹಾಜರಾಗುತ್ತಿದ್ದಾಳಲ್ಲ.

ನಿಮ್ಮ ಪ್ರಕಾರ ಇಲ್ಲದ ಈ ಹೆಂಗಸು ಬಟ್ಟೆ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ಆಯುಷ್ಯವೆಲ್ಲ ನಿಂತೇ ದುಡಿದಳು. ಅಲ್ಲಿ ಕೂರಲು ಒಂದು ಸ್ಟೂಲೂ ಇರಲಿಲ್ಲ. ಸ್ಟೂಲಿಗಾಗಿಯೇ ನಾವು ಮುಷ್ಕರ ಮಾಡಿದೆವು. ಮೆರವಣಿಗೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ನಿಲ್ಲಿಸುವುದು ನಮ್ಮ ಕಾರ್ಮಿಕ ಸಂಘದ ಪದ್ಧತಿ, ಯಾರೂ ಹಿಂದೆ ಉಳಿಯಬಾರದು ನೋಡಿ. ಹಾಗಾಗಿ ಬ್ಯಾನರಿನ ಹಿಂದೆ ಮೊದಲು ಅಮ್ಮ. ಎಡಗೈಯಲ್ಲಿ ಸೊಂಟ ಹಿಡಿದು, ಬಲಗಾಲು ಎಳೆದು ಹಾಕುತ್ತಾ ಅವಳು ನಡೆದಷ್ಟೇ ವೇಗದಲ್ಲಿ ಸಾವಿರ ಜನ ನಡೆಯಬೇಕು. “ಏನಕ್ಕಾ, ಸಂಜೆಯೊಳಗೆ ಮುಟ್ತೀವಾ?” ಎಂದು ಹಿಂದಿನಿಂದ ಯಾರೋ ರೇಗಿಸಿದರೆ, “ಅರ್ಜೆಂಟಿದ್ರೆ ಮಾಲೀಕರ ಕಾರಲ್ಲಿ ಹೋಗಪ್ಪಾ” ಎನ್ನುತ್ತಿದ್ದಳು. ಆ ಕುಂಟುನಡಿಗೆ ಕಾರ್ಖಾನೆ ಕೊಟ್ಟದ್ದು. ಜಾಹೀರಾತಿನಲ್ಲಿ ಅದು ಮಾಯವಾಗಿದೆ. ಕಾರ್ಖಾನೆಯ ಅಪರಾಧಕ್ಕೆ ಉಳಿದಿದ್ದ ಸಾಕ್ಷಿ ಅದೊಂದೇ, ಅದನ್ನೂ ಯಂತ್ರ ಒರೆಸಿ ಹಾಕಿತು.

ಮುಖ ಎಲ್ಲಿಂದ ಸಿಕ್ಕಿತು ಎಂದು ಕೇಳುತ್ತೀರಿ. ಕೊನೆಗಾಲದಲ್ಲಿ ಮಂಡಿಗೆ ವ್ಯಾಯಾಮ ಮಾಡಿಸಲು ಒಂದು ಕ್ಲಿನಿಕ್ಕಿಗೆ ಕರೆದೊಯ್ಯುತ್ತಿದ್ದೆವು. ಪ್ರತಿ ವಾರ ಅವಳನ್ನು ನಡೆಸಿ ವಿಡಿಯೊ ಮಾಡಿಕೊಳ್ಳುತ್ತಿದ್ದರು. ಚಿಕಿತ್ಸೆಗೆ ಬೇಕು ಎಂದರು, ಹೂಂ ಎಂದೆವು. ಈಗ ಮಂಡಿಪಟ್ಟಿ ಮಾರುತ್ತಿರುವುದೂ ಅದೇ ಕ್ಲಿನಿಕ್ಕು. ಅದರ ಮಾಲೀಕರ ಎದುರು ಫೋನು ಹಿಡಿದು ನಿಂತೆ.

“ಸಾರ್, ಇದು ನಿಮ್ಮಮ್ಮ ಅಲ್ಲ. ಎಐ ಮಾಡಿದ್ದು. ಎಲ್ಲಾ ಪೇಷೆಂಟ್‌ಗಳ ವಿಡಿಯೊ ಹಾಕಿದ್ವಿ, ಅದು ಕಲಸಿ ಒಂದು ಮುಖ ಕೊಡ್ತು.”

“ಕಲಸಿದ್ರಲ್ಲಿ ನಮ್ಮಮ್ಮನ ಮೂಗು, ನಮ್ಮಮ್ಮನ ನಗು ಹಾಗೇ ಉಳೀತಾ?”

“ಆ ಎಐನೇ ಕೇಳ್ಬೇಕು ಸಾರ್. ಬೇಕಾದಷ್ಟು ಮುಖ ಮಾಡುತ್ತೆ, ಜನ ಯಾವುದರ ಹತ್ರ ನಿಲ್ತಾರೆ ಅಂತ ಅದೇ ನೋಡ್ಕೊಂಡು ಉಳಿದಿದ್ದನ್ನ ಬಿಸಾಕುತ್ತೆ. ಈ ಮುಖದ ಹತ್ರ ಜನ ನಿಲ್ತಿದ್ದಾರೆ. ನಾನೇನ್ ಮಾಡ್ಲಿ ಹೇಳಿ? ಪಕ್ಕದ ಅಂಗಡಿಯೋನೂ ಇದನ್ನೇ ಮಾಡ್ತಾನೆ.”

ಆತ ರಾಕ್ಷಸನಲ್ಲ. ನನಗೆ ಕುರ್ಚಿ ಎಳೆದುಕೊಟ್ಟು ನೀರು ಕೊಟ್ಟವನು. ತಾನು ಏನು ಮಾಡಿದ್ದೇನೆ ಎಂಬುದೇ ಆತನಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವ ಅನುಕೂಲ ಮಾಡಿಕೊಟ್ಟವರು ನೀವು. ನಾನು ಹಿಂದೊಮ್ಮೆ ಮುಷ್ಕರದ ಕರಪತ್ರ ಹಂಚುವಾಗ, ಅಡಿಯಲ್ಲಿ ಮುದ್ರಕರ ಹೆಸರಿಲ್ಲ ಎಂದು ನನ್ನನ್ನು ಠಾಣೆಯಲ್ಲಿ ಕೂರಿಸಿದ್ದರು. ಅಂಗೈಯಗಲದ ಕಾಗದಕ್ಕೆ ಒಬ್ಬ ಹೊಣೆಗಾರ ಬೇಕು! ಮನೆಮನೆಯ ಫೋನಿಗೆ ನುಗ್ಗಿ, ಯಾರು ಎಲ್ಲಿ ಕಣ್ಣು ನೆಟ್ಟರು, ಯಾರ ಉಸಿರು ಎಲ್ಲಿ ಬಿಗಿಯಿತು ಎಂದು ಅಳೆದು, ಅಳತೆಗೆ ತಕ್ಕಂತೆ ಮುಖ ಹೊಲಿದು ಕಳಿಸುವ ಈ ಯಂತ್ರದ ಅಡಿಯಲ್ಲಿ ಯಾರ ಹೆಸರಿದೆ? ಕ್ಲಿನಿಕ್ಕಿನವನು ಯಂತ್ರ ಎನ್ನುತ್ತಾನೆ, ಯಂತ್ರ ಕೊಟ್ಟ ಕಂಪನಿ ಬಳಕೆದಾರ ಎನ್ನುತ್ತದೆ, ನೀವು ಬಾಧಿತರನ್ನು ಕರೆತನ್ನಿ ಎನ್ನುತ್ತೀರಿ. ಬಡವರ ಮೇಲೆ ಮಾತ್ರ ನಿಮ್ಮ ಕಾನೂನಿನ ಕಣ್ಣು ಇಷ್ಟು ಚುರುಕೇಕೆ?

ಇಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನನ್ನ ನಿದ್ದೆ ಕೆಡಿಸಿದ್ದು ಅಪ್ಪ.

ಅಪ್ಪನ ಮಂಡಿ ಗಟ್ಟಿಮುಟ್ಟಾಗಿದೆ. ಆದರೂ ಮನೆಗೆ ಮಂಡಿಪಟ್ಟಿಯ ಡಬ್ಬಿಗಳು ಬರತೊಡಗಿದವು. ಒಂದನ್ನೂ ಬಿಚ್ಚಿರಲಿಲ್ಲ, ಮಂಚದ ಕೆಳಗೆ ಸಾಲಾಗಿ ಜೋಡಿಸಿದ್ದರು. ಯಾಕಪ್ಪಾ ಎಂದು ಕೇಳಿದೆ. “ತಗೊಂಡ್ರೆ ಮತ್ತೆ ಬರ್ತಾಳೆ ಕಣೋ. ಸುಮ್ನಿದ್ರೆ ಬೇರೆ ಯಾರನ್ನೋ ಕಳಿಸ್ತಾರೆ” ಎಂದರು. ಯಂತ್ರದ ಲೆಕ್ಕಾಚಾರ ಅಪ್ಪನಿಗೆ ನನಗಿಂತ ಚೆನ್ನಾಗಿ ಅರ್ಥವಾಗಿತ್ತು. ಯಂತ್ರಕ್ಕೂ ಅಪ್ಪ ಅರ್ಥವಾಗಿದ್ದರು. ಒಂಟಿ ಗಂಡಸು, ಈ ಮುಖ ಕಂಡರೆ ಕೊನೆಯವರೆಗೂ ನೋಡುತ್ತಾನೆ, ಕೊಳ್ಳುತ್ತಾನೆ. ಹೊಸ ಜಾಹೀರಾತಿನಲ್ಲಿ ಅವಳಿಗೆ ಮಾತೂ ಬಂದಿದೆ. “ಏನ್ರೀ, ಇನ್ನೂ ನೋವಿದೆಯಾ?” ಎಂದು ನೇರ ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಾಳೆ. ಅಪ್ಪ ನಕ್ಕರು. “ಜೀವ ಇದ್ದಾಗ ಒಂದಿನಾನೂ ‘ರೀ’ ಅಂದೋಳಲ್ಲ. ಈಗ ಮರ್ಯಾದೆ ಕಲ್ತಿದ್ದಾಳೆ ನೋಡು” ಎಂದರು. ನಗುತ್ತಲೇ ತಲೆ ಆಡಿಸಿ ಅವಳಿಗೆ ಉತ್ತರ ಕೊಟ್ಟರು: “ಇದೆ ಕಣೇ.”

ಅವತ್ತೇ ನಿಮಗೆ ದೂರು ಬರೆದದ್ದು. ಅಪ್ಪನಿಗೆ ಹೇಗೋ ತಿಳಿಯಿತು. “ತೆಗೆಸ್ಬೇಡ” ಎಂದರು. ಅಷ್ಟೇ. ಜೋರು ಮಾಡಿದ್ದರೆ ಜಗಳವಾಡಬಹುದಿತ್ತು.

ಜಾಹೀರಾತು ಇದ್ದರೆ ಅಪ್ಪ ದಿನವೂ ಅದಕ್ಕೆ ಬಲಿ. ತೆಗೆದರೆ ನಾನೇ ಅವರಿಂದ ಅವಳನ್ನು ಕಿತ್ತುಕೊಂಡ ಹಾಗೆ. ದುಃಖವನ್ನು ಗಿರಾಕಿ ಮಾಡಿಕೊಳ್ಳಲು ಇವರಿಗೆ ಪರವಾನಗಿ ಕೊಟ್ಟವರು ಯಾರು? ಯಾರೂ ಕೊಟ್ಟಿಲ್ಲ ಎನ್ನಬೇಡಿ. ನೋಡಿಯೂ ನೋಡದ ಹಾಗೆ ಕೂತದ್ದೇ ನೀವು ಕೊಟ್ಟ ಪರವಾನಗಿ.

ಆದ್ದರಿಂದ ನನ್ನ ಒತ್ತಾಯ. ಆ ಜಾಹೀರಾತನ್ನು ಇಳಿಸಿ. ಅವಳ ವಿಡಿಯೊಗಳನ್ನು ಯಂತ್ರದ ಹೊಟ್ಟೆಯಿಂದ ಕಕ್ಕಿಸಿ. ಇಂಥ ಪ್ರತಿ ಜಾಹೀರಾತಿನ ಅಡಿಯಲ್ಲೂ ಒಬ್ಬ ಮನುಷ್ಯನ ಹೆಸರು, ವಿಳಾಸ ಇರುವಂತೆ ಮಾಡಿ. ಮತ್ತು ಇಳಿಸುವ ದಿನ ನೀವೇ ಖುದ್ದು ನಮ್ಮ ಮನೆಗೆ ಹಾಜರಾಗತಕ್ಕದ್ದು. ಬೆಳಿಗ್ಗೆಯೇ ಬನ್ನಿ, ಅಪ್ಪ ಫೋನು ಕೈಗೆತ್ತಿಕೊಳ್ಳುವ ಮುಂಚೆ. ಅವರ ಪಕ್ಕ ಮಂಚದ ಮೇಲೆ ಕೂತು, ಇವತ್ತಿನಿಂದ ಅವಳು ಬರುವುದಿಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ಆಸ್ಪತ್ರೆಯ ವರಾಂಡದಲ್ಲಿ ಆ ಮಾತನ್ನು ನಾನು ಒಮ್ಮೆ ಹೇಳಿದ್ದೇನೆ. ಎರಡನೇ ಸಲ ಹೇಳಲು ನನ್ನಿಂದಾಗದು.

ಇಂತಿ,
ಅಪ್ಪನ ಮಾತು ಮೀರಿ ಇದನ್ನು ಬರೆದ,
ನಿಮ್ಮ ದಾಖಲೆಯ ಪ್ರಕಾರ ತಾಯಿಯೇ ಇಲ್ಲದವನು